ದೊಡ್ಡ ಸಂಖ್ಯೆಯನ್ನು ಬಿಡಿಸಿ ನೋಡುವುದು ಹೇಗೆ? 98,76,54,321ರ ಜೊತೆ ಒಂದು ಅಭ್ಯಾಸ

9ರಿಂದ 1ರವರೆಗೆ ಅಂಕಿಗಳನ್ನು ಇಳಿಕೆಯಲ್ಲಿ ಬರೆಯಿರಿ: 987654321. ಕ್ಯಾಲ್ಕುಲೇಟರ್ ಕೈಗೆ ಸಿಕ್ಕರೆ ಮಕ್ಕಳು ಸುಮ್ನೆ ಒತ್ತಿ ನೋಡುವ ಸಂಖ್ಯೆ ಇದು. ಇದನ್ನು ಯಾವ ಯಾವ ಸಂಖ್ಯೆಗಳು ಭಾಗಿಸುತ್ತವೆ, ಅವು ಒಟ್ಟು ಎಷ್ಟು, ಇದು ವರ್ಗ ಸಂಖ್ಯೆಯೋ ಅಲ್ಲವೋ ಅಂತ ಕೇಳಿದರೆ ಮಾತ್ರ ಹೆಚ್ಚಿನವರು ಫೋನ್ ತೆಗೆಯುತ್ತಾರೆ. ಫೋನ್ ತೆಗೆದರೆ ಉತ್ತರ ಒಂದು ಕ್ಷಣದಲ್ಲಿ ಬರುತ್ತದೆ, ನಿಜ. ಆದರೆ ಆ ಉತ್ತರ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಈ ಲೇಖನದಲ್ಲಿ ಅದನ್ನು ಕೈಯಲ್ಲೇ ಬಿಡಿಸೋಣ. ಬೇಕಾಗಿರುವುದು ಎರಡು ಹಾಳೆ, ಪೆನ್ನು, ವರ್ಗಮೂಲದ ಗುಂಡಿ ಇರುವ ಒಂದು ಕ್ಯಾಲ್ಕುಲೇಟರ್. ಗಣಿತ ಹೈಸ್ಕೂಲಿನದು ಸಾಕು. ಇಲ್ಲಿ ಕಲಿತದ್ದನ್ನು ನಿಮ್ಮ ಇಷ್ಟದ ಬೇರೆ ಯಾವುದೇ ಸಂಖ್ಯೆಗೂ ಹಚ್ಚಬಹುದು.

ಮೊದಲು ಸರಿಯಾಗಿ ಓದಿ

ಬಲದಿಂದ ಮೂರು ಅಂಕಿ ಬಿಟ್ಟು, ಆಮೇಲೆ ಎರಡೆರಡಕ್ಕೆ ಅಲ್ಪವಿರಾಮ ಹಾಕಿ: 98,76,54,321. ತೊಂಬತ್ತೆಂಟು ಕೋಟಿ ಎಪ್ಪತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ನೂರು ಕೋಟಿಗೆ ಸ್ವಲ್ಪ ಕಮ್ಮಿ.

ಓದುವಾಗಲೇ ನಿಮ್ಮ ಸಲಕರಣೆಯ ಮಿತಿಯನ್ನೂ ನೋಡಿಕೊಳ್ಳಿ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಸಂಖ್ಯೆಯನ್ನು ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಕಾರ್ಡ್ ನಂಬರನ್ನು ಸಂಖ್ಯೆಯಾಗಿ ಟೈಪ್ ಮಾಡಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ನಮ್ಮದು ಒಂಬತ್ತೇ ಅಂಕಿ, ಆ ಭಯ ಇಲ್ಲ.

ಪುಕ್ಕಟೆ ಪರೀಕ್ಷೆಗಳು

ಭಾಗಾಕಾರ ಮಾಡದೆ ಸಿಗುವ ಮಾಹಿತಿಯನ್ನೆಲ್ಲ ಮೊದಲು ತೆಗೆದುಕೊಂಡುಬಿಡಬೇಕು. ಕೊನೆಯ ಅಂಕಿ 1. ಹಾಗಾಗಿ 2 ಮತ್ತು 5 ಹೊರಗೆ. ಅಂಕಿಗಳ ಮೊತ್ತ 45. ಅದು 9ರ ಮಗ್ಗಿಯಲ್ಲಿದೆ, ಹಾಗಾಗಿ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ.

ಇಲ್ಲೇ ಒಂದು ಮಾತು. 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿ 3,62,880 ಸಂಖ್ಯೆ ಬರೆಯಬಹುದು. ಹೇಗೆ ಬರೆದರೂ ಮೊತ್ತ 45 ತಾನೇ? ಅಷ್ಟೂ ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಲ್ಲ. ಮೂರೂವರೆ ಲಕ್ಷಕ್ಕೂ ಜಾಸ್ತಿ ಸಂಖ್ಯೆಗಳ ಬಗ್ಗೆ ಒಂದೇ ಸಾಲಿನಲ್ಲಿ ತೀರ್ಪು!

ಈಗ 9ರಿಂದ ಭಾಗಿಸಿ: 109739369. ಇದರ ಅಂಕಿಗಳ ಮೊತ್ತ 47, ಅಂದರೆ 3 ಇನ್ನು ಹೋಗುವುದಿಲ್ಲ. ಎರಡು 3ಗಳು ಹೊರಬಂದವು, ಅಷ್ಟೇ.

7, 11, 13: ಮೂರನ್ನೂ ಒಟ್ಟಿಗೆ ಮುಗಿಸಿ

7×11×13 = 1001. ಇದು ನೆನಪಿದ್ದರೆ ಮೂರು ಪರೀಕ್ಷೆ ಒಂದರಲ್ಲೇ ಆಗುತ್ತದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ತುಂಡು ಮಾಡಿ, ಒಂದು ಬಿಟ್ಟು ಒಂದನ್ನು ಕೂಡಿ ಕಳೆಯಿರಿ. 109739369 ಆದರೆ 369 − 739 + 109 = −261. ಋಣ ಚಿಹ್ನೆ ಇದ್ದರೆ ಚಿಂತೆ ಇಲ್ಲ, ಬಿಟ್ಟುಬಿಡಿ. 261ನ್ನು 7ರಿಂದ ಭಾಗಿಸಿದರೆ ಶೇಷ 2, 11ರಿಂದ 8, 13ರಿಂದ 1. ಮೂರೂ ಹೋಗುವುದಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ? 1000 ಅಂದರೆ 1001ಕ್ಕೆ ಒಂದು ಕಮ್ಮಿ. ಹಾಗಾಗಿ 1001ರ ಲೆಕ್ಕದಲ್ಲಿ ಪ್ರತಿ ಸಾವಿರವೂ −1 ಇದ್ದಂತೆ, ಹತ್ತು ಲಕ್ಷ ಮತ್ತೆ +1. ಕೂಡಿ ಕಳೆಯುವ ಕಾರಣ ಅಷ್ಟೇ.

17ರ ಸರದಿ

17ಕ್ಕೂ ಒಂದು ಒಳ್ಳೆಯ ಉಪಾಯ ಇದೆ, ಶಾಲೆಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದಿಲ್ಲ. ಕೊನೆಯ ಅಂಕಿಯನ್ನು ಕಿತ್ತು, ಅದರ ಐದು ಪಟ್ಟನ್ನು ಉಳಿದದ್ದರಿಂದ ಕಳೆಯಿರಿ. ಮತ್ತೆ ಮತ್ತೆ ಹಾಗೇ ಮಾಡಿ.

109739369: ಕೊನೆಯ 9 ಕಿತ್ತರೆ 10973936. ಅದರಲ್ಲಿ 45 ಕಳೆದರೆ 10973891.
ಮುಂದೆ 1097389 − 5 = 1097384.
109738 − 20 = 109718.
10971 − 40 = 10931.
1093 − 5 = 1088.
108 − 40 = 68.

68 ಅಂದರೆ 17ರ ನಾಲ್ಕು ಪಟ್ಟು. ಸಿಕ್ಕಿತು! 109739369 ÷ 17 = 6455257. ಒಂದು ಸಲ ಹೋಯಿತು ಅಂತ ಅಲ್ಲಿಗೇ ಬಿಡಬೇಡಿ, ಅದೇ ಸಂಖ್ಯೆಯಿಂದ ಇನ್ನೊಮ್ಮೆ ನೋಡಿ. ಈ ತಪ್ಪು ತುಂಬಾ ಜನ ಮಾಡುತ್ತಾರೆ. 6455257 ÷ 17 = 379721. ಮತ್ತೊಮ್ಮೆ? ಶೇಷ 9. ಮುಗಿಯಿತು.

ಇಲ್ಲಿಯವರೆಗಿನ ಲೆಕ್ಕ: 987654321 = 3 × 3 × 17 × 17 × 379721.

ನಿಜವಾದ ಕೆಲಸ: 379721

ಈಗ ಸಿಕ್ಕಿಹಾಕಿಕೊಂಡೆವು. 379721 ಅವಿಭಾಜ್ಯವೇ? ನೇರ ದಾರಿ ಎಲ್ಲರಿಗೂ ಗೊತ್ತು. ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸುತ್ತಾ ಹೋಗುವುದು. 616ರ ವರ್ಗ 379456, 617ರದ್ದು 380689. ಅಂದರೆ 616ರವರೆಗೆ ನೋಡಿದರೆ ಸಾಕು. ಅಲ್ಲಿಯವರೆಗೆ 112 ಅವಿಭಾಜ್ಯಗಳಿವೆ, ಕೊನೆಯದು 613. ಏಳನ್ನು ಆಗಲೇ ಪರೀಕ್ಷಿಸಿದ್ದೇವೆ. ಉಳಿದದ್ದು 105 ಭಾಗಾಕಾರ. ತಾಳ್ಮೆ ಇದ್ದರೆ ಮಾಡಿ, ತಪ್ಪೇನಿಲ್ಲ. ನನಗೆ ಇಷ್ಟವಾದ ದಾರಿ ಬೇರೆ. ಅದರಲ್ಲಿ ಕೆಲಸ ಕಾಲುಭಾಗಕ್ಕೆ ಇಳಿಯುತ್ತದೆ, ಜೊತೆಗೆ ಇನ್ನೊಂದು ಗುಣವೂ ಬೋನಸ್ಸಾಗಿ ಸಿಗುತ್ತದೆ.

ಈ ದಾರಿ 18ನೇ ಶತಮಾನದ ಗಣಿತಜ್ಞ ಆಯ್ಲರನದು. ಒಂದು ಬೆಸ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಲು ಬಂದರೆ, ಮತ್ತು ಆ ಎರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ, ಅದು ಅವಿಭಾಜ್ಯ. ಎರಡು ರೀತಿಯಲ್ಲಿ ಬಂದರೆ ಅವಿಭಾಜ್ಯ ಅಲ್ಲವೇ ಅಲ್ಲ. ಹುಡುಕುವ ಮೊದಲು ಒಂದು ಷರತ್ತು: 4ರಿಂದ ಭಾಗಿಸಿದರೆ ಶೇಷ 3 ಬರುವ ಸಂಖ್ಯೆಗಳಿಗೆ ಈ ದಾರಿ ಇಲ್ಲ, ಅವು ಎರಡು ವರ್ಗಗಳ ಮೊತ್ತ ಆಗುವುದೇ ಇಲ್ಲ. ನಮ್ಮದು 21ರಲ್ಲಿ ಮುಗಿಯುತ್ತದೆ, ಶೇಷ 1. ಸರಿ.

ಹಾಗಾದರೆ 379721 = ಒಂದು ವರ್ಗ + ಇನ್ನೊಂದು ವರ್ಗ. ಯಾವುವು? 1ರಿಂದ 616ರವರೆಗೆ ಎಲ್ಲವನ್ನೂ ನೋಡುವ ಅಗತ್ಯ ಇಲ್ಲ. ಜರಡಿ ಹಿಡಿಯೋಣ.

ವರ್ಗ ಸಂಖ್ಯೆಗಳು 0, 1, 4, 5, 6, 9ರಲ್ಲಿ ಮಾತ್ರ ಮುಗಿಯುತ್ತವೆ. ಎರಡು ಸೇರಿ ಬಿಡಿ ಸ್ಥಾನದಲ್ಲಿ 1 ಬರಬೇಕಾದರೆ 0 ಮತ್ತು 1 ಸೇರಬೇಕು, ಇಲ್ಲವೇ 5 ಮತ್ತು 6. ಹೇಗಾದರೂ ಒಂದು ಸಂಖ್ಯೆ 5ರ ಮಗ್ಗಿಯದೇ ಆಗಿರಬೇಕು.

ಮೊತ್ತ ಬೆಸ, ಹಾಗಾಗಿ ಒಂದು ಸಮ, ಇನ್ನೊಂದು ಬೆಸ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಯಾವಾಗಲೂ ಶೇಷ 1. 379721ಕ್ಕೂ ಶೇಷ 1. ಅಂದರೆ ಸಮ ಸಂಖ್ಯೆಯ ವರ್ಗ 8ರಿಂದ ಪೂರ್ತಿ ಹೋಗಬೇಕು. ಅದಕ್ಕೆ ಆ ಸಮ ಸಂಖ್ಯೆ 4ರ ಮಗ್ಗಿಯಲ್ಲಿರಬೇಕು. ಹಾಗಿದ್ದರೆ ಅದರ ವರ್ಗ 16ರಿಂದಲೂ ಹೋಗುತ್ತದೆ. 379721ನ್ನು 16ರಿಂದ ಭಾಗಿಸಿದರೆ ಶೇಷ 9. ಆ 9 ಪೂರ್ತಿ ಬೆಸ ಸಂಖ್ಯೆಯ ವರ್ಗದಿಂದಲೇ ಬರಬೇಕು. ಹಾಗಾಗಬೇಕಾದರೆ ಆ ಬೆಸ ಸಂಖ್ಯೆಯನ್ನು 8ರಿಂದ ಭಾಗಿಸಿದಾಗ ಶೇಷ 3 ಅಥವಾ 5 ಇರಬೇಕು.

379721ನ್ನು 3ರಿಂದ ಭಾಗಿಸಿದರೆ ಶೇಷ 2. ವರ್ಗಗಳಿಗೆ ಬರುವ ಶೇಷ 0 ಅಥವಾ 1 ಮಾತ್ರ. 2 ಬರಬೇಕಾದರೆ 1 + 1 ಒಂದೇ ದಾರಿ. ಎರಡರಲ್ಲಿ ಯಾವುದೂ 3ರ ಮಗ್ಗಿಯಲ್ಲಿಲ್ಲ.

ಕೊನೆಯ ಜರಡಿ 7. ವರ್ಗಗಳಿಗೆ ಬರುವ ಶೇಷ 0, 1, 2, 4. ನಮ್ಮ ಸಂಖ್ಯೆಗೆ ಶೇಷ 6. ಅದು 2 + 4 ಮಾತ್ರ ಆಗಲು ಸಾಧ್ಯ. ಹಾಗಾಗಿ ನಾವು ಹುಡುಕುವ ಸಂಖ್ಯೆಗಳನ್ನು 7ರಿಂದ ಭಾಗಿಸಿದರೆ ಶೇಷ 2, 3, 4, 5 ಇವುಗಳಲ್ಲೇ ಒಂದು.

ಈಗ 5ರ ಮಗ್ಗಿಯಲ್ಲಿರುವ ಸಂಖ್ಯೆಯನ್ನು ಹಿಡಿದು ಪಟ್ಟಿ ಮಾಡಿ. ಅದು ಸಮ ಆಗಿದ್ದರೆ 20ರ ಮಗ್ಗಿ. ಜರಡಿಯಲ್ಲಿ ಉಳಿಯುವವು 40, 80, 100, 200, 220, 320, 340, 380, 460, 500, 520. ಅದು ಬೆಸ ಆಗಿದ್ದರೆ 5, 115, 205, 235, 275, 325, 355, 395, 445, 485, 515, 565, 605. ಒಟ್ಟು 24. ಪ್ರತಿಯೊಂದರ ವರ್ಗವನ್ನು 379721ರಲ್ಲಿ ಕಳೆದು ವರ್ಗಮೂಲದ ಗುಂಡಿ ಒತ್ತಿ. ದಶಾಂಶ ಬಂದರೆ ಗೀಟು ಹಾಕಿ ಮುಂದೆ ಹೋಗಿ.

40: 379721 − 1600 = 378121. ವರ್ಗಮೂಲ 614.9. ಗೀಟು.
80: 379721 − 6400 = 373321. ವರ್ಗಮೂಲ... 611. ದಶಾಂಶವೇ ಇಲ್ಲ!

ಎರಡನೆಯದಕ್ಕೇ ಸಿಕ್ಕಿತು ಅಂತ ಪೆನ್ನು ಕೆಳಗಿಡಬೇಡಿ. ಇನ್ನೊಂದು ಜೋಡಿ ಇದ್ದರೆ ಕಥೆಯೇ ಬದಲಾಗುತ್ತದೆ. ಉಳಿದ 22ನ್ನೂ ನೋಡಿ. 485ರಲ್ಲಿ ಆಸೆ ಹುಟ್ಟುತ್ತದೆ: 144496ರ ವರ್ಗಮೂಲ 380.13. ಹತ್ತಿರ, ಆದರೆ ಅಲ್ಲ. ಉಳಿದ ಯಾವುದೂ ಪೂರ್ಣ ಸಂಖ್ಯೆ ಕೊಡುವುದಿಲ್ಲ.

379721 = 611² + 80², ಇದೊಂದೇ ರೀತಿ. 611 ಅಂದರೆ 13×47. 80ರಲ್ಲಿ ಇರುವುದು 2 ಮತ್ತು 5. ಸಾಮಾನ್ಯ ಅಪವರ್ತನ ಇಲ್ಲ. ಆದ್ದರಿಂದ 379721 ಅವಿಭಾಜ್ಯ.

ಇನ್ನು ಉಳಿದದ್ದೆಲ್ಲ ಸಲೀಸು

987654321 = 3² × 17² × 379721. ಇದು ಸಂಖ್ಯೆಯ ಜಾತಕ ಇದ್ದ ಹಾಗೆ. ಇದೊಂದು ಕೈಗೆ ಬಂದರೆ ಉಳಿದ ಪ್ರಶ್ನೆಗಳಿಗೆ ದೊಡ್ಡ ಸಂಖ್ಯೆಯನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ.

ಭಾಜಕಗಳೆಷ್ಟು? ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ: 3 × 3 × 2 = 18. ಅವುಗಳಲ್ಲಿ ಒಂಬತ್ತು ಚಿಕ್ಕವು: 1, 3, 9, 17, 51, 153, 289, 867, 2601. ಇವನ್ನೇ 379721ರಿಂದ ಗುಣಿಸಿದರೆ ಇನ್ನೊಂಬತ್ತು. 2601 ಮತ್ತು 379721ರ ನಡುವೆ ಒಂದೇ ಒಂದು ಭಾಜಕವೂ ಇಲ್ಲ, ದೊಡ್ಡ ಬಯಲು.

ಭಾಜಕಗಳ ಮೊತ್ತ? (1+3+9) × (1+17+289) × (1+379721) = 13 × 307 × 379722 = 1515470502. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 527816181. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮನಾಗಿದ್ದರೆ ಅದು ಪರಿಪೂರ್ಣ ಸಂಖ್ಯೆ, 6 ಮತ್ತು 28ರ ಹಾಗೆ. ನಮ್ಮದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿದೆ.

1ರಿಂದ 987654321ರವರೆಗಿನ ಸಂಖ್ಯೆಗಳಲ್ಲಿ ಎಷ್ಟಕ್ಕೆ ಇದರ ಜೊತೆ ಸಾಮಾನ್ಯ ಅಪವರ್ತನ ಇಲ್ಲ? ಒಂದೊಂದು ಭಾಗವನ್ನೂ ಬೇರೆಯಾಗಿ ನೋಡಿ: 9ರವರೆಗೆ 3ರ ಮಗ್ಗಿಯಲ್ಲಿಲ್ಲದವು 6, 289ರವರೆಗೆ 17ರ ಮಗ್ಗಿಯಲ್ಲಿಲ್ಲದವು 272, 379721ರವರೆಗೆ ಅದನ್ನೊಂದು ಬಿಟ್ಟು 379720. ಮೂರನ್ನೂ ಗುಣಿಸಿ: 619703040. ಸುಮಾರು ಶೇಕಡ 63.

ವರ್ಗ ಸಂಖ್ಯೆಯೇ? ಪುಕ್ಕಟೆ ಪರೀಕ್ಷೆಗಳು ಇಲ್ಲಿ ಕೈಕೊಡುತ್ತವೆ. 21ರಲ್ಲಿ ಮುಗಿಯುವ ವರ್ಗಗಳಿವೆ, 11ರ ವರ್ಗ 121 ನೋಡಿ. 9ರ ಪರೀಕ್ಷೆಯಲ್ಲೂ ಪಾಸು. ಆದರೆ ಅಪವರ್ತನ ನೋಡಿದ ತಕ್ಷಣ ಗೊತ್ತಾಗುತ್ತದೆ: 379721 ಒಂಟಿಯಾಗಿದೆ, ಜೋಡಿ ಇಲ್ಲ. ವರ್ಗ ಅಲ್ಲ. ಬೇಕಾದರೆ ತಾಳೆ ನೋಡಿ, 31427ರ ವರ್ಗ 987656329, ನಮ್ಮ ಸಂಖ್ಯೆಗಿಂತ 2008 ಜಾಸ್ತಿ.

ಬೋನಸ್ಸು: ಎರಡು ವರ್ಗಗಳ ಮೊತ್ತ

611 ಮತ್ತು 80ನ್ನು ಹುಡುಕಲು ಪಟ್ಟ ಶ್ರಮಕ್ಕೆ ಫಲ ಇಲ್ಲಿದೆ. 3×17 = 51. ಎರಡನ್ನೂ 51ರಿಂದ ಗುಣಿಸಿದರೆ 31161² + 4080² = 987654321. ಇಷ್ಟೇ ಅಲ್ಲ. 17² ಕೂಡ ಎರಡು ವರ್ಗಗಳ ಮೊತ್ತ: 15² + 8² = 289. ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದೇ ಮೊತ್ತದಿಂದ ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆ. ಈ ಸಮೀಕರಣಕ್ಕೆ ಇವತ್ತಿಗೂ ಬ್ರಹ್ಮಗುಪ್ತನ ಹೆಸರಿದೆ. ಅವನು ತನ್ನ ಗ್ರಂಥ ಬರೆದದ್ದು ಕ್ರಿ.ಶ. 628ರಲ್ಲಿ.

ಮಾಡುವುದು ಹೀಗೆ. 15×611 = 9165, 8×80 = 640. ಕಳೆದರೆ 8525. ಇನ್ನು 15×80 = 1200, 8×611 = 4888. ಕೂಡಿದರೆ 6088. ಉಳಿದಿರುವ 3²ಗಾಗಿ ಎರಡನ್ನೂ 3ರಿಂದ ಗುಣಿಸಿ: 25575 ಮತ್ತು 18264. ವರ್ಗ ಮಾಡಿ ನೋಡಿ:

25575² = 654080625
18264² = 333573696
ಮೊತ್ತ = 987654321

ಕೂಡುವ ಕಡೆ ಕಳೆದು, ಕಳೆಯುವ ಕಡೆ ಕೂಡಿದರೆ ಮೂರನೆಯ ಜೋಡಿ: 29415² + 11064². ಒಟ್ಟು ಮೂರೇ ರೀತಿ, ನಾಲ್ಕನೆಯದಿಲ್ಲ. 9, 8, 7 ಅಂತ ಇಳಿಯುತ್ತಾ ಬರುವ ಆ ಉತ್ತರ ಕಾಗದದ ಮೇಲೆ ತಾನಾಗಿ ಮೂಡುವುದನ್ನು ನೋಡಲಿಕ್ಕಾದರೂ ಈ ಕೂಡುವ ಲೆಕ್ಕವನ್ನು ಕೈಯಲ್ಲಿ ಮಾಡಿ.

ಅಂಕಿಗಳ ಆಟ

ಸಂಖ್ಯೆಯ ಗುಣ ಬೇರೆ, ಅದನ್ನು ಬರೆದ ರೀತಿಯ ಗುಣ ಬೇರೆ. 3² × 17² × 379721 ಅನ್ನುವುದು ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗುವುದಿಲ್ಲ. ಅಂಕಿಗಳು ಇಳಿಕೆಯಲ್ಲಿವೆ ಅನ್ನುವುದು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಮಾತ್ರ. ದ್ವಿಮಾನ ಪದ್ಧತಿಯಲ್ಲಿ ಇದೇ ಸಂಖ್ಯೆ 111010110111100110100010110001. ಮೂವತ್ತು ಅಂಕಿ, ಅದರಲ್ಲಿ ಹದಿನೇಳು ಒಂದುಗಳು. ಇಳಿಕೆಯ ಸುಳಿವೇ ಇಲ್ಲ. ನನ್ನ ಪ್ರಕಾರ ಮೊದಲನೆಯದೇ ಗಟ್ಟಿ ಮಾಹಿತಿ. ಎರಡನೆಯದು ಮಜಾ. ಮಜಾ ಬೇಡ ಅಂತ ಹೇಳುತ್ತಿಲ್ಲ!

ತಿರುಗಿಸಿ ಬರೆದ 123456789ನ್ನು 8ರಿಂದ ಗುಣಿಸಿ 9 ಕೂಡಿದರೆ ನಮ್ಮ ಸಂಖ್ಯೆ ಸರಿಯಾಗಿ ಬರುತ್ತದೆ. ಈ ಒಂದು ಸಾಲಿನಿಂದಲೇ ಎರಡರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 9 ಅಂತ ಹೇಳಬಹುದು: ಎರಡನ್ನೂ ಭಾಗಿಸುವುದು ಉಳಿದ 9ನ್ನೂ ಭಾಗಿಸಲೇಬೇಕು, ಮತ್ತು 9 ಎರಡನ್ನೂ ಭಾಗಿಸುತ್ತದೆ ಅಂತ ಮೊದಲೇ ಗೊತ್ತು.

ಒಂದರಿಂದ ಇನ್ನೊಂದನ್ನು ಕಳೆದರೆ 864197532. ಅಂಕಿಗಳನ್ನು ಎಣಿಸಿ, ಮತ್ತೆ 1ರಿಂದ 9 ಒಂದೊಂದೇ ಸಲ. ಅದನ್ನು ಇಳಿಕೆಯಲ್ಲಿ ಜೋಡಿಸಿ, ಏರಿಕೆಯಲ್ಲಿ ಜೋಡಿಸಿ, ಕಳೆದರೆ ಮತ್ತೆ ಅದೇ ಉತ್ತರ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ.ಆರ್. ಕಾಪ್ರೇಕರ್ 1949ರಲ್ಲಿ ನಾಲ್ಕು ಅಂಕಿಗಳಿಗೆ ಕಂಡುಹಿಡಿದ 6174 ಹೀಗೇ ನಡೆದುಕೊಳ್ಳುತ್ತದೆ.

ಕೊನೆಗೆ ಕಂಪ್ಯೂಟರ್

ಎಲ್ಲ ಮುಗಿದ ಮೇಲೆ ತಾಳೆ ನೋಡಲು ಕಂಪ್ಯೂಟರ್ ಬಳಸಿ. ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ‘ಫ್ಯಾಕ್ಟರ್’ (factor) ಅನ್ನುವ ಕಮಾಂಡ್ ಕೊಟ್ಟು ಪಕ್ಕದಲ್ಲಿ ಸಂಖ್ಯೆ ಬರೆದರೆ ಅಪವರ್ತನಗಳು ಸಾಲಾಗಿ ಬರುತ್ತವೆ. ಪೈಥಾನ್‌ನಲ್ಲಿ ಪೂರ್ಣ ಸಂಖ್ಯೆ ಎಷ್ಟು ಉದ್ದ ಇದ್ದರೂ ಅಂಕಿ ತಪ್ಪುವುದಿಲ್ಲ, ಎಕ್ಸೆಲ್‌ನ ತೊಂದರೆ ಅಲ್ಲಿಲ್ಲ.

ನಿಮ್ಮ ಪಾಲಿಗೆ ಎರಡು

ಮೊದಲನೆಯದು 4294967297. 2ರ 32ನೇ ಘಾತಕ್ಕೆ 1 ಕೂಡಿದ ಸಂಖ್ಯೆ. 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಇದು ಅವಿಭಾಜ್ಯ ಅಂತ ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು ಒಡೆದ. ಸುಳಿವು: ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥ ಅವಿಭಾಜ್ಯಗಳನ್ನು ಸಾಲಾಗಿ ಬರೆದುಕೊಂಡರೆ 193, 257, 449, 577... ಐದನೆಯದಕ್ಕೆ ಕೆಲಸ ಆಗುತ್ತದೆ.

ಎರಡನೆಯದು ನಮ್ಮ ನೆಲದ್ದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಗುಣಿಸಿದರೆ ಹೂಮಾಲೆಯಂತೆ ಕಾಣುವ ಸಂಖ್ಯೆಗಳನ್ನು ಕೊಡುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅವು ಒಂದೇ. ಅವುಗಳಲ್ಲಿ ಒಂದು 12345654321. ಮೇಲಿನ ಹಂತಗಳನ್ನು ಇದಕ್ಕೆ ಹಚ್ಚಿ. ಮೊದಲು ವರ್ಗಮೂಲದ ಗುಂಡಿ ಒತ್ತಿ, ಉತ್ತರ ನೋಡಿದರೆ ನಗು ಬರುತ್ತದೆ. ಆಮೇಲೆ 1001ರ ಉಪಾಯ ನೆನಪಿಸಿಕೊಳ್ಳಿ. ಭಾಜಕಗಳು 243 ಬಂದರೆ ನಿಮ್ಮ ಲೆಕ್ಕ ಸರಿ.